ದಳ ನಡೆಸುವವರು ಮಕ್ಕಳೇ: ಸ್ಕೌಟ್ಸ್ ಸೇರುವ ಮುನ್ನ ಕೆಲವು ತಪ್ಪು ಕಲ್ಪನೆಗಳು

ಜೂನ್‌ನಲ್ಲಿ ಶಾಲೆ ಶುರುವಾಗಿ ಪುಸ್ತಕ, ಬ್ಯಾಗು, ಸಮವಸ್ತ್ರದ ಗಡಿಬಿಡಿ ಮುಗಿಯುವ ಹೊತ್ತಿಗೆ ಎಷ್ಟೋ ಮಕ್ಕಳು ಮನೆಗೆ ಒಂದು ಚೀಟಿ ತರುತ್ತಾರೆ. ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಸೇರಲು ಇಷ್ಟವಿರುವವರು ಹೆಸರು ಕೊಡಿ, ಪೋಷಕರ ಸಹಿ ಇರಲಿ ಎಂಬುದು ಅದರ ಸಾರಾಂಶ. ಆ ಸಹಿ ಬೀಳುವ ಮುಂಚೆ ಮನೆಯಲ್ಲಿ ಒಂದಷ್ಟು ಮಾತು ನಡೆಯುತ್ತದೆ. ಪರೇಡ್ ಮಾಡಿಸಿ ಬಿಸಿಲಲ್ಲಿ ನಿಲ್ಲಿಸುತ್ತಾರೆ ಎಂದು ಒಬ್ಬರು, ಓದು ಕೆಡುತ್ತದೆ ಎಂದು ಇನ್ನೊಬ್ಬರು, ಸರ್ಟಿಫಿಕೇಟ್ ಸಿಕ್ಕರೆ ಮುಂದೆ ಉಪಯೋಗಕ್ಕೆ ಬಂದೀತು ಎಂದು ಮತ್ತೊಬ್ಬರು. ಸೇರಬೇಕೆನ್ನುವವರ ಕಾರಣಗಳೂ ಬೇಡವೆನ್ನುವವರ ಕಾರಣಗಳೂ ಬಹಳ ಸಲ ಒಂದೇ ಜಾಗದಲ್ಲಿ ಎಡವುತ್ತವೆ. ಸ್ಕೌಟ್ ದಳವನ್ನು ನಡೆಸಬೇಕಾದವರು ಮಕ್ಕಳೇ ಎಂಬ ಮೂಲ ವಿಷಯ ಇಬ್ಬರಿಗೂ ಗೊತ್ತಿರುವುದಿಲ್ಲ. ಅದೊಂದು ತಿಳಿದರೆ ಉಳಿದ ಎಷ್ಟೋ ಅನುಮಾನಗಳು ತಾವಾಗಿಯೇ ಕರಗುತ್ತವೆ. ಕರಗದೆ ಉಳಿಯುವ ಒಂದೆರಡು ಅನುಮಾನಗಳು ನ್ಯಾಯವಾದವು. ಅವನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

“ಅದು ಪುಟ್ಟ ಮಿಲಿಟರಿ, ಎನ್‌ಸಿಸಿ ಇದ್ದ ಹಾಗೆ”

ಸಮವಸ್ತ್ರ, ಸೆಲ್ಯೂಟ್, ಸೀಟಿ, ಸಾಲು. ದೂರದಿಂದ ನೋಡಿದವರಿಗೆ ಹಾಗನ್ನಿಸಿದರೆ ಆಶ್ಚರ್ಯವಿಲ್ಲ. ಚಳವಳಿಯನ್ನು ಆರಂಭಿಸಿದ ರಾಬರ್ಟ್ ಬೇಡನ್ ಪೊವೆಲ್ ಕೂಡ ಬ್ರಿಟಿಷ್ ಸೇನೆಯ ಅಧಿಕಾರಿಯೇ. ಆದರೆ ಎನ್‌ಸಿಸಿಯ ಕತೆ ಬೇರೆ, ಇದರ ಕತೆ ಬೇರೆ. ಎನ್‌ಸಿಸಿ 1948ರ ಕಾಯ್ದೆಯಿಂದ ಹುಟ್ಟಿದ್ದು, ರಕ್ಷಣಾ ಸಚಿವಾಲಯದ ಅಡಿಯಲ್ಲಿರುವುದು. ಅಲ್ಲಿ ಕೆಡೆಟ್‌ಗಳಿಗೆ ಆಯುಧದ ತರಬೇತಿಯೂ ಇದೆ. ಸ್ಕೌಟಿಂಗ್‌ನಲ್ಲಿ ಆಯುಧವಿಲ್ಲ. ಅದು ಸ್ವಯಂಪ್ರೇರಿತ, ರಾಜಕೀಯೇತರ ಶೈಕ್ಷಣಿಕ ಚಳವಳಿ.

ಬೇಡನ್ ಪೊವೆಲ್ ದಕ್ಷಿಣ ಆಫ್ರಿಕಾದ ಮೆಫೆಕಿಂಗ್ ಪಟ್ಟಣದಲ್ಲಿ 1899ರಿಂದ 1900ರವರೆಗೆ 217 ದಿನ ಮುತ್ತಿಗೆಯೊಳಗೆ ಸಿಕ್ಕಿಕೊಂಡಿದ್ದರು. ಸೈನಿಕರು ಕಡಿಮೆ ಇದ್ದುದರಿಂದ ಊರಿನ ಹುಡುಗರ ಒಂದು ತಂಡ ಸಂದೇಶ ಒಯ್ಯುವುದು, ಆಸ್ಪತ್ರೆಯಲ್ಲಿ ನೆರವಾಗುವುದು ಮುಂತಾದ ಕೆಲಸಕ್ಕೆ ನಿಂತಿತು. ಆ ತಂಡವನ್ನು ಕಟ್ಟಿದವರು ಅವರ ಕೈಕೆಳಗಿನ ಅಧಿಕಾರಿ ಎಡ್ವರ್ಡ್ ಸೆಸಿಲ್. ಜವಾಬ್ದಾರಿಯನ್ನು ನಂಬಿ ಕೊಟ್ಟರೆ ಹುಡುಗರು ಅದನ್ನು ಹೊರುತ್ತಾರೆ ಎಂಬುದನ್ನು ಬೇಡನ್ ಪೊವೆಲ್ ಅಲ್ಲಿ ಕಣ್ಣಾರೆ ಕಂಡರು. ಇಂಗ್ಲೆಂಡಿಗೆ ಮರಳಿದಾಗ, ಸೈನಿಕರಿಗೆಂದು ತಾವು ಬರೆದಿದ್ದ ಪುಸ್ತಕವನ್ನು ಹುಡುಗರು ಆಟಕ್ಕೆ ಬಳಸುತ್ತಿದ್ದುದು ತಿಳಿಯಿತು. ಆಗ ಅವರು ಅದನ್ನೇ ಮಕ್ಕಳ ಕೈಗೆ ಕೊಡಲಿಲ್ಲ. ಮೊದಲು ಪ್ರಯೋಗ ಮಾಡಿ ನೋಡಿದರು. 1907ರ ಆಗಸ್ಟ್‌ನಲ್ಲಿ ಬ್ರೌನ್‌ಸಿ ಎಂಬ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದೊಯ್ದರು. ಸಿರಿವಂತರ ವಸತಿ ಶಾಲೆಗಳ ಹುಡುಗರೂ ದುಡಿಯುವ ವರ್ಗದ ಮನೆಗಳ ಹುಡುಗರೂ ಅಲ್ಲಿ ಒಂದೇ ಡೇರೆಯಲ್ಲಿ ಮಲಗಿದರು, ಒಂದೇ ಒಲೆಯ ಅಡುಗೆ ಉಂಡರು. ಆ ಕಾಲದ ಇಂಗ್ಲೆಂಡಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಹುಡುಗರಿಗೆಂದೇ ಬರೆದ ಹೊಸ ಪುಸ್ತಕ ಬಂದದ್ದು ಅದರ ಮರುವರ್ಷ, 1908ರಲ್ಲಿ. ಅದನ್ನು ಓದಿದ ಹುಡುಗರು ಎಲ್ಲೆಡೆ ತಾವೇ ಗುಂಪು ಕಟ್ಟಿಕೊಂಡು, ಆಮೇಲೆ ದೊಡ್ಡವರೊಬ್ಬರನ್ನು ಹುಡುಕಿ ‘ನಮಗೆ ಮಾಸ್ಟರ್ ಆಗಿ’ ಎಂದು ಕೇಳಿದರು. ಈ ಕ್ರಮವನ್ನು ನೆನಪಿಡಬೇಕು. ಮೊದಲು ಮಕ್ಕಳ ಗುಂಪು, ಆಮೇಲೆ ಮೇಷ್ಟ್ರು.

“ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಮಾಡುತ್ತಾರೆ”

ನಮ್ಮಲ್ಲಿ ಅತಿ ಹೆಚ್ಚು ಹರಡಿರುವ ತಪ್ಪು ಕಲ್ಪನೆ ಇದೇ. ದುಃಖದ ಸಂಗತಿಯೆಂದರೆ ಕೆಲವು ದಳಗಳಲ್ಲಿ ಇದು ಕಲ್ಪನೆಯಾಗಿ ಉಳಿಯದೆ ನಿಜವೂ ಆಗಿದೆ. ಆದರೆ ಪದ್ಧತಿ ಹೇಳುವುದು ಬೇರೆ.

ಸ್ಕೌಟ್ ದಳವೆಂದರೆ 30 ಮಕ್ಕಳ ಒಂದು ತರಗತಿಯಲ್ಲ. ಅದು ಆರರಿಂದ ಎಂಟು ಮಕ್ಕಳ ಸಣ್ಣ ತಂಡಗಳ ಕೂಟ. ಆ ಸಣ್ಣ ತಂಡಕ್ಕೆ ಪ್ಯಾಟ್ರೋಲ್ ಎನ್ನುತ್ತಾರೆ. ಪ್ರತಿ ಪ್ಯಾಟ್ರೋಲ್‌ಗೂ ಒಂದು ಹೆಸರು, ಒಂದು ಬಾವುಟ, ಒಂದು ಘೋಷಣೆ, ತನ್ನದೇ ಒಂದು ಮೂಲೆ. ಮುಂದಾಳಾಗಿ ಪ್ಯಾಟ್ರೋಲ್ ಲೀಡರ್, ಅವನಿಗೆ ಜೊತೆಯಾಗಿ ಸೆಕೆಂಡ್. ಉಳಿದವರಿಗೂ ಒಂದೊಂದು ಹೊಣೆ: ಒಬ್ಬಳು ಲೆಕ್ಕ ಬರೆಯುತ್ತಾಳೆ, ಒಬ್ಬ ಹಗ್ಗ, ಕೊಡಲಿ, ಪಾತ್ರೆಗಳ ಜವಾಬ್ದಾರಿ ಹೊರುತ್ತಾನೆ, ಒಬ್ಬರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ದಿನಚರಿ ಬರೆಯುತ್ತಾರೆ. ಹೆಸರಿಗೆ ಮಾತ್ರ ಇರುವ ಹುದ್ದೆ ಅಲ್ಲಿಲ್ಲ. ಹಗ್ಗ ತರುವವನು ಮರೆತರೆ ಅವತ್ತು ಡೇರೆ ನಿಲ್ಲುವುದಿಲ್ಲ, ಅಷ್ಟೇ.

ಪ್ಯಾಟ್ರೋಲ್ ಲೀಡರ್‌ಗಳೆಲ್ಲ ಸೇರಿ ಕೂರುವ ಸಭೆಗೆ ಕೋರ್ಟ್ ಆಫ್ ಆನರ್ ಎಂದು ಹೆಸರು. ಹೆಸರು ಕೇಳಿ ನ್ಯಾಯಾಲಯ ಅಂದುಕೊಳ್ಳಬೇಡಿ, ದಳದ ಆಡಳಿತವೇ ಅದರ ಕೈಯಲ್ಲಿದೆ. ಮುಂದಿನ ತಿಂಗಳ ಕಾರ್ಯಕ್ರಮ ಏನು, ಹೈಕ್ ಎಲ್ಲಿಗೆ, ದಳದ ಹಣದಲ್ಲಿ ಎಷ್ಟು ಖರ್ಚು, ತಪ್ಪು ಮಾಡಿದ ಸ್ಕೌಟ್‌ಗೆ ಏನು ಹೇಳಬೇಕು, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. ಸ್ಕೌಟ್ ಮಾಸ್ಟರ್ ಅಲ್ಲಿರುತ್ತಾರೆ, ಸಲಹೆ ಕೊಡುತ್ತಾರೆ. ತೀರ್ಮಾನ ಮಕ್ಕಳದು. ಇದನ್ನು ನಾವಿಂದು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ರೋಲಂಡ್ ಫಿಲಿಪ್ಸ್ ಎಂಬ ತರುಣ 1914ರಲ್ಲೇ ಪ್ಯಾಟ್ರೋಲ್ ಪದ್ಧತಿಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. ಎರಡೇ ವರ್ಷದಲ್ಲಿ, 1916ರ ಸೋಮ್ ಕದನದಲ್ಲಿ ಅವರು ತೀರಿಕೊಂಡರು. ಆ ಪುಸ್ತಕವನ್ನು ಸ್ಕೌಟ್ ಮಾಸ್ಟರ್‌ಗಳು ಇವತ್ತಿಗೂ ಓದುತ್ತಾರೆ.

ಚೆನ್ನಾಗಿ ನಡೆಯುವ ದಳವೊಂದರ ಕೋರ್ಟ್ ಆಫ್ ಆನರ್ ಹೇಗಿರುತ್ತದೆ ಗೊತ್ತೇ? ಮರದ ಕೆಳಗೆ ನಾಲ್ಕೈದು ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ಎರಡು ದಿನದ ಶಿಬಿರದ ಊಟದ ಪಟ್ಟಿ ಮುಂದಿರುತ್ತದೆ. ಮೊದಲ ರಾತ್ರಿಗೆ ಪೂರಿ ಮಾಡೋಣ ಅನ್ನುತ್ತಾನೆ ಒಬ್ಬ. ಎಣ್ಣೆ ಎಷ್ಟು ಬೇಕು, ಸೌದೆ ಒಲೆಯ ಮೇಲೆ 30 ಜನಕ್ಕೆ ಪೂರಿ ಕರಿಯಲು ಎಷ್ಟು ಹೊತ್ತು ಬೇಕು ಎಂದು ಇನ್ನೊಬ್ಬಳು ಕೇಳುತ್ತಾಳೆ. ಯಾರಿಗೂ ಗೊತ್ತಿಲ್ಲ. ನಾಳೆ ಮನೆಯಲ್ಲಿ ಅಮ್ಮನನ್ನು ಕೇಳಿಕೊಂಡು ಬರುತ್ತೇನೆ ಎಂದು ಒಬ್ಬ ಒಪ್ಪಿಕೊಳ್ಳುತ್ತಾನೆ. ಅಷ್ಟರಲ್ಲಿ ಮತ್ತೊಬ್ಬ, ಕಳೆದ ಸಲ ಅನ್ನ ಉಳಿದು ಎಸೆಯಬೇಕಾಯಿತಲ್ಲ, ಅಕ್ಕಿ ಕಡಿಮೆ ಹಾಕೋಣ ಎಂದು ನೆನಪಿಸುತ್ತಾನೆ. ಸ್ಕೌಟ್ ಮಾಸ್ಟರ್ ಪಕ್ಕದಲ್ಲೇ ಕೂತಿದ್ದಾರೆ. ಎರಡು ನಿಮಿಷದಲ್ಲಿ ಇಡೀ ಪಟ್ಟಿ ಬರೆದು ಕೊಡಬಲ್ಲರು. ಬರೆಯುವುದಿಲ್ಲ. ಚರ್ಚೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೊನೆಗೆ ಮಕ್ಕಳೇ ಚಿತ್ರಾನ್ನಕ್ಕೆ ಬರುತ್ತಾರೆ. ಆ ಮುಕ್ಕಾಲು ಗಂಟೆಯಲ್ಲಿ ಲೆಕ್ಕವಿದೆ, ಅಂದಾಜಿದೆ, ಬೇರೆಯವರ ಮಾತನ್ನು ಕೇಳಿಸಿಕೊಳ್ಳುವುದಿದೆ, ತನ್ನ ಆಸೆಯನ್ನು ಬಿಟ್ಟುಕೊಡುವುದಿದೆ. ಸುಮ್ಮನೆ ಕೂತ ಮೇಷ್ಟ್ರು ಅವತ್ತು ಮಾಡಿದ್ದಕ್ಕಿಂತ ದೊಡ್ಡ ಪಾಠ ಬೇರೆ ಇರಲಾರದು.

“ಮಕ್ಕಳ ಕೈಗೆ ಬಿಟ್ಟರೆ ಗದ್ದಲ, ಅಪಾಯ”

ಗದ್ದಲ ಆಗುತ್ತದೆ. ಮೊದಲ ಶಿಬಿರದಲ್ಲಿ ಡೇರೆ ಓರೆಯಾಗುತ್ತದೆ, ಉಪ್ಪಿಟ್ಟು ಗಂಟಾಗುತ್ತದೆ. ಬಿದಿರಿನ ಗಳುಗಳನ್ನು ಹಗ್ಗದಿಂದ ಬಿಗಿದು ಪಾತ್ರೆ ಇಡುವ ಸ್ಟ್ಯಾಂಡ್ ಮಾಡುವುದು ಶಿಬಿರದಲ್ಲಿ ಸಾಮಾನ್ಯ. ಮೊಳೆ ಹೊಡೆಯುವಂತಿಲ್ಲ, ಹಗ್ಗವೊಂದೇ. ಮೊದಲು ನೆಟ್ಟ ಗಳುವಿಗೆ ಕ್ಲೋವ್ ಹಿಚ್ ಗಂಟು ಹಾಕಬೇಕು. ಆಮೇಲೆ ಅಡ್ಡ ಗಳುವನ್ನು ಅದರ ಮೇಲಿಟ್ಟು, ಎರಡನ್ನೂ ಬಳಸಿ ಹಗ್ಗವನ್ನು ಮೂರು ನಾಲ್ಕು ಸುತ್ತು ಹಾಕಬೇಕು, ಪ್ರತಿ ಸುತ್ತನ್ನೂ ಎಳೆದು ಬಿಗಿ ಮಾಡಬೇಕು. ಕೊನೆಗೆ ಎರಡು ಗಳುಗಳ ನಡುವೆ ಹಗ್ಗವನ್ನು ಅಡ್ಡಲಾಗಿ ಸುತ್ತಿ ಜಗ್ಗಬೇಕು. ಕಟ್ಟು ನಿಲ್ಲುವುದು ಈ ಕೊನೆಯ ಜಗ್ಗಿನಿಂದಲೇ. ಹನ್ನೊಂದು ವರ್ಷದ ಹುಡುಗಿ ಅದನ್ನು ಮರೆಯುತ್ತಾಳೆ. ನೀರು ತುಂಬಿದ ಪಾತ್ರೆ ಇಟ್ಟ ಕೂಡಲೇ ಇಡೀ ಸ್ಟ್ಯಾಂಡ್ ಪಕ್ಕಕ್ಕೆ ವಾಲಿ ಕುಸಿಯುತ್ತದೆ. ಯಾರೂ ಬೈಯುವುದಿಲ್ಲ. ಅವಳ ಪ್ಯಾಟ್ರೋಲ್ ಲೀಡರ್, ಅವಳಿಗಿಂತ ಮೂರು ವರ್ಷ ದೊಡ್ಡವಳು, ಪಕ್ಕದಲ್ಲಿ ಮಂಡಿಯೂರಿ ಕೂತು ಬಿಚ್ಚಿ ತೋರಿಸುತ್ತಾಳೆ. ಎರಡನೇ ಸಲ ಸ್ಟ್ಯಾಂಡ್ ನಿಲ್ಲುತ್ತದೆ. ತಪ್ಪಾಗಲು ಅವಕಾಶವಿರುವ, ತಪ್ಪಿನಿಂದ ಯಾರಿಗೂ ಪೆಟ್ಟಾಗದ ಜಾಗ ಇವತ್ತು ಮಕ್ಕಳಿಗೆ ಎಷ್ಟಿದೆ ಎಂದು ಯೋಚಿಸಿ ನೋಡಿ.

ಹಾಗೆಂದು ಎಲ್ಲವನ್ನೂ ಮಕ್ಕಳಿಗೆ ಬಿಟ್ಟು ದೊಡ್ಡವರು ಮನೆಗೆ ಹೋಗುತ್ತಾರೆ ಎಂದಲ್ಲ. ನೀರಿಗಿಳಿಯಬಹುದೇ, ಈ ದಾರಿಯಲ್ಲಿ ಹೋಗಬಹುದೇ, ಈ ಮಗುವಿಗೆ ಔಷಧಿ ಕೊಡಬೇಕೇ ಎಂಬಂಥ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ದೊಡ್ಡವರೇ. ಅಲ್ಲಿ ಮತದಾನವಿಲ್ಲ. ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಆಗುವವರು ಬೇಸಿಕ್, ಅಡ್ವಾನ್ಸ್ಡ್ ತರಬೇತಿಗಳನ್ನು ಪಡೆಯಬೇಕು. ಮುಂದುವರಿದವರು ಹಿಮಾಲಯ ವುಡ್ ಬ್ಯಾಡ್ಜ್‌ವರೆಗೂ ಹೋಗುತ್ತಾರೆ. ಹೆಣ್ಣುಮಕ್ಕಳ ಶಿಬಿರಕ್ಕೆ ಮಹಿಳಾ ನಾಯಕಿಯರು ಇರಲೇಬೇಕು. ಮಕ್ಕಳ ರಕ್ಷಣೆಗೆ ವಿಶ್ವ ಸ್ಕೌಟ್ ಸಂಸ್ಥೆಯದೇ ಒಂದು ನೀತಿಯಿದೆ.

ಆದರೂ ಪೋಷಕರು ಕೇಳಬೇಕು. ಶಿಬಿರದಲ್ಲಿ ದೊಡ್ಡವರು ಎಷ್ಟು ಜನ, ಯಾರು, ತರಬೇತಿ ಆಗಿದೆಯೇ, ರಾತ್ರಿ ಮಲಗುವ ವ್ಯವಸ್ಥೆ ಹೇಗೆ, ಹತ್ತಿರದ ಆಸ್ಪತ್ರೆ ಯಾವುದು, ಮಗುವಿಗೆ ಮನೆಗೆ ಫೋನ್ ಮಾಡಲು ಅವಕಾಶವಿದೆಯೇ? ಇಷ್ಟನ್ನೂ ಕೇಳಿ. ಒಬ್ಬರೇ ದೊಡ್ಡವರು ಒಂದು ಮಗುವನ್ನು ಒಂಟಿಯಾಗಿ ಎಲ್ಲಿಗೂ ಕರೆದೊಯ್ಯಬಾರದು ಎಂಬುದು ಯಾವ ದಳದಲ್ಲೂ ಸಡಿಲಿಸಬಾರದ ನಿಯಮ. ಇಂಥ ಪ್ರಶ್ನೆ ಕೇಳಿದಾಗ ಮುಖ ಗಂಟಿಕ್ಕುವ ದಳಕ್ಕೆ ಮಗುವನ್ನು ಕಳಿಸಬೇಡಿ. ಒಳ್ಳೆಯ ಸ್ಕೌಟ್ ಮಾಸ್ಟರ್ ನೀವು ಕೇಳುವ ಮೊದಲೇ ಇವನ್ನೆಲ್ಲ ಬರೆದು ಕಳಿಸಿರುತ್ತಾರೆ.

“ನಮ್ಮ ಮಗು ನಾಚಿಕೆ ಸ್ವಭಾವದ್ದು, ಲೀಡರ್ ಆಗುವುದಲ್ಲ”

ಮಕ್ಕಳೇ ನಡೆಸುವ ದಳ ಅಂದ ಕೂಡಲೇ ಜೋರು ದನಿಯ, ಮುಂದೆ ನುಗ್ಗುವ ಮಕ್ಕಳಿಗೆ ಮಾತ್ರ ಅದು ಎಂಬ ಭಾವನೆ ಬರುತ್ತದೆ. ಬಹುಶಃ ಪೋಷಕರ ಮನಸ್ಸಿನಲ್ಲಿ ಲೀಡರ್ ಎಂದರೆ ವೇದಿಕೆ ಮೇಲೆ ಮೈಕ್ ಹಿಡಿದವರು. ದಳದಲ್ಲಿ ಹಾಗಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ವರ್ಷವಿಡೀ ಬಾಯಿ ಬಿಡದ ಮಗು ಏಳೇ ಜನರ ಪ್ಯಾಟ್ರೋಲ್‌ನಲ್ಲಿ ಮಾತಾಡದೆ ಇರಲು ಸಾಧ್ಯವಿಲ್ಲ, ಯಾಕೆಂದರೆ ಅಲ್ಲಿ ಅದರ ಕೆಲಸ ನಿಂತರೆ ಉಳಿದವರ ಕೆಲಸವೂ ನಿಲ್ಲುತ್ತದೆ. ‘ಬೆಂಕಿಪೊಟ್ಟಣ ಎಲ್ಲಿಟ್ಟೆ?’ ಎಂದು ಆರು ಜನ ಒಟ್ಟಿಗೆ ಕೇಳಿದಾಗ ಎಂಥ ಸಂಕೋಚದ ಮಗುವೂ ಉತ್ತರ ಕೊಡುತ್ತದೆ.

ಇನ್ನೊಂದು ವಿಷಯ. ಹೊಸದಾಗಿ ಸೇರಿದ ಮಗುವಿಗೆ ಗಂಟು ಕಲಿಸುವುದು, ನಿಯಮ ವಿವರಿಸುವುದು, ಶಿಬಿರಕ್ಕೆ ಏನೇನು ತರಬೇಕೆಂದು ಹೇಳುವುದು ಮೇಷ್ಟ್ರಲ್ಲ, ಪ್ಯಾಟ್ರೋಲ್‌ನ ಹಳಬರು. ಹದಿನಾಲ್ಕರ ಅಣ್ಣ ಹೇಳಿದ್ದು ಹನ್ನೊಂದರ ತಮ್ಮನ ತಲೆಗೆ ಹತ್ತುವಷ್ಟು ಬೇಗ ದೊಡ್ಡವರು ಹೇಳಿದ್ದು ಹತ್ತುವುದಿಲ್ಲ. ಒಂದೇ ಮಗುವಿರುವ ಮನೆಗಳು ಹೆಚ್ಚಾಗಿರುವ ಈ ಕಾಲದಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಬದುಕಿ ಕಲಿಯುವ ಜಾಗ ಕಡಿಮೆಯಾಗಿದೆ. ಶಾಲೆ ಮಕ್ಕಳನ್ನು ವಯಸ್ಸಿನ ಪ್ರಕಾರ ಬೇರೆ ಬೇರೆ ಕೋಣೆಯಲ್ಲಿ ಕೂರಿಸುತ್ತದೆ, ಪ್ಯಾಟ್ರೋಲ್ ಒಟ್ಟಿಗೆ ಕೂರಿಸುತ್ತದೆ. ಅಂಗವೈಕಲ್ಯವಿರುವ ಮಕ್ಕಳಿಗೂ ಬಾಗಿಲು ತೆರೆದಿದೆ, ಅವರಿಗೆ ಹೊಂದುವಂತೆ ಪರೀಕ್ಷೆಗಳನ್ನು ಬದಲಿಸಿಕೊಳ್ಳುವ ಪದ್ಧತಿಯಿದೆ.

“ಆಗಸ್ಟ್ 15, ಜನವರಿ 26, ಮುಗಿಯಿತು”

ಈ ಮಾತಿಗೆ ನನ್ನ ಬಳಿ ಪೂರ್ತಿ ನಿರಾಕರಣೆ ಇಲ್ಲ. ಎಷ್ಟೋ ಶಾಲೆಗಳಲ್ಲಿ ಸ್ಕೌಟ್ಸ್ ಎಂದರೆ ವರ್ಷಕ್ಕೆರಡು ಸಲ ಸ್ಕಾರ್ಫ್ ಕಟ್ಟಿ, ಬಂದ ಅತಿಥಿಗೆ ಚಪ್ಪಾಳೆ ತಟ್ಟುತ್ತಾ ಎರಡು ಸಾಲಾಗಿ ನಿಲ್ಲುವುದು ಎಂದಾಗಿಬಿಟ್ಟಿದೆ. ಸಭೆ ಸಮಾರಂಭಗಳಲ್ಲಿ ಕುರ್ಚಿ ಜೋಡಿಸಲು, ನೀರಿನ ಲೋಟ ಹಂಚಲು ಈ ಮಕ್ಕಳನ್ನು ಕರೆಯುವುದೂ ಇದೆ. ಸೇವೆ ಬೇರೆ, ಪುಕ್ಕಟೆ ದುಡಿತ ಬೇರೆ. ಈ ಸೇವೆ ಮಾಡೋಣ ಎಂದು ಮಕ್ಕಳೇ ಕೂತು ತೀರ್ಮಾನಿಸಿದ್ದರೆ ಅದು ಸ್ಕೌಟಿಂಗ್. ಮೇಲಿಂದ ಬಂದ ಆದೇಶಕ್ಕೆ ಬಿಸಿಲಲ್ಲಿ ಎರಡು ಗಂಟೆ ನಿಂತರೆ ಅಲ್ಲ. ಇದನ್ನು ಶಾಲೆಗಳಿಗೆ ಸ್ಪಷ್ಟವಾಗಿ ಹೇಳುವ ಧೈರ್ಯ ಪೋಷಕರಿಗೂ ಬರಬೇಕು.

ಸರಿಯಾಗಿ ನಡೆಯುವ ದಳ ವಾರಕ್ಕೊಮ್ಮೆ ಸೇರುತ್ತದೆ. ಧ್ವಜ, ಪ್ರಾರ್ಥನೆ, ಆಟ, ಒಂದು ಕೌಶಲ, ಪ್ಯಾಟ್ರೋಲ್‌ಗಳ ನಡುವೆ ಒಂದು ಪಂದ್ಯ, ಹಾಡು. ನಡುನಡುವೆ ಹೈಕ್, ವರ್ಷಕ್ಕೊಂದೆರಡು ಶಿಬಿರ. ನಮ್ಮ ರಾಜ್ಯದಲ್ಲಿ ಅದಕ್ಕೆಂದೇ ಜಾಗಗಳಿವೆ. ದೊಡ್ಡಬಳ್ಳಾಪುರದ ಆ್ಯನಿ ಬೆಸೆಂಟ್ ಪಾರ್ಕ್, ದಾವಣಗೆರೆ ಬಳಿಯ ಕೊಂಡಜ್ಜಿ ಹೆಸರನ್ನು ಇಲ್ಲಿನ ಹಳೆಯ ಸ್ಕೌಟ್‌ಗಳೆಲ್ಲ ಬಲ್ಲರು. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯನ್ನು ನೋಡಿದವರು ಸ್ಕೌಟಿಂಗ್ ಎಂದರೆ ದೊಡ್ಡ ಜಾತ್ರೆ ಎಂದುಕೊಂಡಿರಲೂಬಹುದು. ಜಾಂಬೂರಿ ಹಬ್ಬ. ದಳದ ಬದುಕು ನಡೆಯುವುದು ಶನಿವಾರದ ಮಧ್ಯಾಹ್ನ, ಶಾಲೆಯ ಮೈದಾನದ ಮೂಲೆಯಲ್ಲಿ.

“ಬ್ರಿಟಿಷರು ಬಿಟ್ಟುಹೋದ ಪದ್ಧತಿ”

ಆರಂಭ ಅವರದೇ, ಅದರಲ್ಲಿ ಮುಚ್ಚುಮರೆಯಿಲ್ಲ. ಭಾರತದ ಮೊದಲ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ, ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಕಟ್ಟಿದವರು ಕ್ಯಾಪ್ಟನ್ ಟಿ. ಎಚ್. ಬೇಕರ್. ಆದರೆ ಆಗ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗಷ್ಟೇ ಪ್ರವೇಶ. ಭಾರತೀಯ ಮಕ್ಕಳನ್ನು ಹೊರಗಿಟ್ಟಿದ್ದರು.

ಆಮೇಲಿನ ಕತೆ ನಾವು ಮಕ್ಕಳಿಗೆ ಹೇಳಬೇಕಾದದ್ದು. ಹೊರಗಿಟ್ಟರೆಂದು ನಮ್ಮವರು ಸುಮ್ಮನಿರಲಿಲ್ಲ. 1916ರಲ್ಲಿ ಆ್ಯನಿ ಬೆಸೆಂಟ್ ಮದ್ರಾಸಿನಲ್ಲಿ ಭಾರತೀಯ ಹುಡುಗರಿಗಾಗಿ ಬೇರೆ ಸಂಘ ಕಟ್ಟಿದರು, ಜೊತೆಗೆ ನಿಂತವರು ಅರುಂಡೇಲ್. ಉತ್ತರದಲ್ಲಿ ಶ್ರೀರಾಮ ಬಾಜಪೇಯಿ, ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು 1918ರಲ್ಲಿ ಸೇವಾ ಸಮಿತಿ ಸ್ಕೌಟ್ ಸಂಘವನ್ನು ಕಟ್ಟಿದರು. ಅಲ್ಲಿಯ ಮಕ್ಕಳು ಭಾರತೀಯ ಹಾಡು, ಭಾರತೀಯ ಆದರ್ಶಗಳ ಜೊತೆ ಬೆಳೆದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಹಲವು ಸಂಘಗಳು ಒಂದಾದವು. ಸೇವಾ ಸಮಿತಿ ಹೊರಗೇ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಇವನ್ನೆಲ್ಲ ಒಗ್ಗೂಡಿಸಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಾಪನೆಯಾಯಿತು. ಮರುವರ್ಷ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಸಂಘವೂ ಸೇರಿಕೊಂಡಿತು. ಪರಕೀಯರ ಕೈಯಿಂದ ಒಂದು ಒಳ್ಳೆಯ ಪದ್ಧತಿಯನ್ನು ಬಿಡಿಸಿಕೊಂಡು ನಮ್ಮ ಮಕ್ಕಳಿಗೆ ಒಗ್ಗುವಂತೆ ಕಟ್ಟಿದ ಈ ಜನರ ಶ್ರಮಕ್ಕೆ ತಕ್ಕ ಗೌರವ ಸಿಕ್ಕಿಲ್ಲ.

ಧರ್ಮದ ಬಗ್ಗೆಯೂ ಅನುಮಾನವಿರುವವರಿದ್ದಾರೆ. ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರ ಬಗೆಗಿನ ಕರ್ತವ್ಯದ ಮಾತು ಬರುತ್ತದೆ. ಇಷ್ಟವಿದ್ದವರು ಅಲ್ಲಿ ‘ಧರ್ಮ’ ಎಂದು ಹೇಳಬಹುದೆಂದು ಭಾರತೀಯ ನಿಯಮವೇ ಅವಕಾಶ ಕೊಟ್ಟಿದೆ. ಇಂಥದೇ ಮತಕ್ಕೆ ಸೇರಿರಬೇಕೆಂಬ ಷರತ್ತಿಲ್ಲ. ಶಿಬಿರಗಳಲ್ಲಿ ಸರ್ವಧರ್ಮ ಪ್ರಾರ್ಥನೆ ನಡೆಯುತ್ತದೆ.

“ಹುಡುಗರ ವಿಷಯ ಅದು”

1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ಮೇಳಕ್ಕೆ ಕೆಲವು ಹುಡುಗಿಯರು ಕರೆಯದೆಯೇ ಬಂದು ನಿಂತು, ನಾವೂ ಸ್ಕೌಟ್‌ಗಳೇ ಎಂದರು. ಹೆಣ್ಣುಮಕ್ಕಳ ಚಳವಳಿಯಾದ ಗೈಡಿಂಗ್ ಹುಟ್ಟಿದ್ದು ಆ ಹುಡುಗಿಯರ ಹಟದಿಂದ. ಭಾರತಕ್ಕೆ ಅದು 1911ರಲ್ಲೇ ಜಬಲ್ಪುರದ ಮೂಲಕ ಬಂತು. ವಿಶ್ವ ಗೈಡ್ ಸಂಘದ ಅಂತಾರಾಷ್ಟ್ರೀಯ ಕೇಂದ್ರಗಳಲ್ಲಿ ಒಂದಾದ ‘ಸಂಗಮ್’ 1966ರಿಂದ ಪುಣೆಯಲ್ಲಿದೆ. ಹೆಣ್ಣುಮಗಳು ಒಲೆ ಹೂಡಿ, ಡೇರೆ ಕಟ್ಟಿ, ನಕ್ಷೆ ನೋಡಿ ಗೆಳತಿಯರನ್ನು ಕಾಡಿನ ದಾರಿಯಲ್ಲಿ ಕರೆದುಕೊಂಡು ಬರುವುದನ್ನು ಒಮ್ಮೆ ನೋಡಿದ ಪೋಷಕರು ಈ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ.

“ಓದು ಹಾಳು”, “ಸರ್ಟಿಫಿಕೇಟ್ ಸಿಗುತ್ತೆ”

ಬೇಡವೆನ್ನುವವರ ಮಾತೊಂದು, ಬೇಕೆನ್ನುವವರ ಮಾತೊಂದು. ಎರಡನ್ನೂ ಒಟ್ಟಿಗೆ ನೋಡುವುದು ವಾಸಿ.

ವಾರಕ್ಕೆ ಒಂದೆರಡು ಗಂಟೆ, ವರ್ಷದಲ್ಲಿ ಕೆಲವು ದಿನ ಶಿಬಿರ. ಇದರಿಂದ ಓದು ಕೆಡುವ ಮಗುವಿನ ಓದು ಬೇರೆ ಕಾರಣಕ್ಕೆ ಮೊದಲೇ ಕೆಟ್ಟಿರುತ್ತದೆ. ಹತ್ತನೇ ತರಗತಿಯ ವರ್ಷ ದಳದ ಕೆಲಸ ಕಡಿಮೆ ಮಾಡಿಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ಅದನ್ನೂ ಕೋರ್ಟ್ ಆಫ್ ಆನರ್‌ನಲ್ಲಿ ಹೇಳಿ, ಹೊಣೆಯನ್ನು ಸೆಕೆಂಡ್‌ಗೆ ವಹಿಸಿ ಹೋಗುವುದು ಮಗುವಿಗೇ ಒಂದು ಕಲಿಕೆ.

ಸರ್ಟಿಫಿಕೇಟಿನ ವಿಷಯಕ್ಕೆ ಬಂದರೆ, ಹೌದು, ಮೆಟ್ಟಿಲುಗಳಿವೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪ್ರಶಸ್ತಿ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇರುವುದೂ ನಿಜ. ಆದರೆ ಹುದ್ದೆಗಳು ಬಹಳ ಕಡಿಮೆ, ಷರತ್ತುಗಳು ಹಲವು. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಕೆಲಸ ಮಾಡಿರಬೇಕು, ಮೇಲಿನವಕ್ಕೆ ಪರೀಕ್ಷಾ ಶಿಬಿರಗಳನ್ನು ಎದುರಿಸಬೇಕು. ಎಂಟನೇ ತರಗತಿಯಲ್ಲಿ ಸೇರಿಸಿ, ಒಂಬತ್ತರಲ್ಲಿ ರಾಜ್ಯ ಪುರಸ್ಕಾರ ಕೊಡಿಸಿ ಎಂದು ಅವಸರ ಮಾಡುವವರು ಮಗುವಿನಿಂದ ದಾರಿಯನ್ನೇ ಕಿತ್ತುಕೊಳ್ಳುತ್ತಾರೆ. ಗಂಟು ಹಾಕಲು ಬಾರದವನ ತೋಳಿನ ಮೇಲೆ ಬ್ಯಾಡ್ಜ್ ಹೊಲಿದರೆ ಅದು ಆ ಮಗುವಿಗೆ ನಾವು ಕಲಿಸುವ ಮೊದಲ ಸುಳ್ಳು. ದಿನಚರಿ ಪುಸ್ತಕವನ್ನು ಅಪ್ಪ ಅಮ್ಮ ಬರೆದುಕೊಡುವುದಂತೂ ಇನ್ನೂ ಕೆಟ್ಟದ್ದು. ದಯವಿಟ್ಟು ಬರೆಯಬೇಡಿ. ಮಗುವಿನ ವಕ್ರ ಅಕ್ಷರದಲ್ಲೇ ಇರಲಿ.

“ದುಡ್ಡಿದ್ದವರಿಗೆ”

ಸದಸ್ಯತ್ವದ ಶುಲ್ಕ ಚಿಕ್ಕದು. ಖರ್ಚು ಬರುವುದು ಸಮವಸ್ತ್ರಕ್ಕೆ, ಶಿಬಿರಕ್ಕೆ. ಅದಕ್ಕೂ ಹಳೆಯ ದಾರಿಯೊಂದಿದೆ: ಖರಿ ಕಮಾಯಿ. ಮಕ್ಕಳು ಪ್ರಾಮಾಣಿಕವಾಗಿ ದುಡಿದು ಸಂಪಾದಿಸುವುದು. ಮನೆಗಳಲ್ಲಿ ತೋಟಕ್ಕೆ ನೀರು ಹಾಕಿ, ಸೈಕಲ್ ಒರೆಸಿ, ಹಳೆ ಪತ್ರಿಕೆಯಿಂದ ಲಕೋಟೆ ಮಾಡಿ ಮಾರಿ ಗಳಿಸಿದ ಹಣ ದಳದ ಪೆಟ್ಟಿಗೆ ಸೇರುತ್ತದೆ. ಶಿಬಿರಕ್ಕೆ ಹಣ ಕೊಡಲಾಗದ ಗೆಳೆಯನ ಪಾಲನ್ನು ಆ ಪೆಟ್ಟಿಗೆಯಿಂದ ತುಂಬಬೇಕೋ ಬೇಡವೋ ಎಂಬುದನ್ನೂ ಮಕ್ಕಳೇ ತೀರ್ಮಾನಿಸುತ್ತಾರೆ. ಸಮವಸ್ತ್ರ ಚಿಕ್ಕದಾದ ಮೇಲೆ ಅದನ್ನು ದಳಕ್ಕೇ ಕೊಟ್ಟುಬಿಡುವ ರೂಢಿಯನ್ನು ಎಲ್ಲ ದಳಗಳೂ ಬೆಳೆಸಿಕೊಂಡರೆ ಎಷ್ಟೋ ಮನೆಗಳ ಭಾರ ಇಳಿಯುತ್ತದೆ.

“ನಮ್ಮ ಶಾಲೆಯಲ್ಲಿ ಇಲ್ಲವಲ್ಲ”

ಶಾಲೆಯಲ್ಲಿ ಇಲ್ಲದಿದ್ದರೆ ಸೇರುವಂತೆಯೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಶಾಲೆಗೆ ಸಂಬಂಧಿಸದ, ಬಡಾವಣೆ ಅಥವಾ ಊರಿನ ಮಕ್ಕಳು ಸೇರಿ ನಡೆಸುವ ಓಪನ್ ಗ್ರೂಪ್‌ಗಳಿಗೂ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಅವಕಾಶವಿದೆ. ಹತ್ತಕ್ಕಿಂತ ಚಿಕ್ಕವರಿಗೆ ಕಬ್ ಮತ್ತು ಬುಲ್‌ಬುಲ್, ಹತ್ತು ತುಂಬಿದವರಿಗೆ ಸ್ಕೌಟ್ ಮತ್ತು ಗೈಡ್, ಕಾಲೇಜು ವಯಸ್ಸಿನವರಿಗೆ ರೋವರ್ ಮತ್ತು ರೇಂಜರ್. ಪ್ರತಿ ಜಿಲ್ಲೆಯಲ್ಲೂ ಸಂಸ್ಥೆಯ ಜಿಲ್ಲಾ ಘಟಕವಿದೆ, ಹತ್ತಿರದ ದಳ ಯಾವುದೆಂದು ಅಲ್ಲಿ ವಿಚಾರಿಸಬಹುದು. ನಿಮ್ಮ ಕಡೆ ಒಂದೂ ಇಲ್ಲವೆಂದಾದರೆ, ಹಾಗಿರುವುದು ಬಹುಪಾಲು ಮಕ್ಕಳು ಕಡಿಮೆ ಎಂದಲ್ಲ, ವಾರಕ್ಕೆ ಎರಡು ಗಂಟೆ ಕೊಡುವ ದೊಡ್ಡವರು ಕಡಿಮೆ ಎಂದು. ಮಕ್ಕಳ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆಯಿರುವ ದೊಡ್ಡವರು ಯಾರಾದರೂ ತರಬೇತಿ ಪಡೆದು ದಳ ಆರಂಭಿಸಲು ಮುಂದಾಗಬಹುದು. ಹಿಂದೆ ಸ್ಕೌಟ್ ಆಗಿದ್ದಿರಬೇಕೆಂದೇನೂ ಇಲ್ಲ.

ಸಹಿ ಹಾಕುವ ಮುಂಚೆ ಒಂದು ಶನಿವಾರ ಬಿಡುವು ಮಾಡಿಕೊಂಡು ಮಗುವನ್ನು ಕರೆದುಕೊಂಡು ದಳದ ಕೂಟಕ್ಕೆ ಹೋಗಿ. ಮೇಷ್ಟ್ರನ್ನು ಆಮೇಲೆ ಮಾತಾಡಿಸಿ. ಮೊದಲು ಅಲ್ಲಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೇಳಿ: ಇವತ್ತಿನ ಕಾರ್ಯಕ್ರಮ ಯಾರು ನಿರ್ಧಾರ ಮಾಡಿದ್ದು? ‘ಸರ್ ಹೇಳಿದ್ರು’ ಎಂಬ ಉತ್ತರ ಬಂದರೆ ಇನ್ನೆರಡು ದಳ ನೋಡಿ ಬನ್ನಿ. ‘ನಾವೇ’ ಎಂದರೆ ಅವತ್ತೇ ಸಹಿ ಹಾಕಿ, ಮಗುವನ್ನು ಅಲ್ಲಿ ಬಿಟ್ಟು ಮನೆಗೆ ಹೊರಡಿ.